ಮೆಕ್ಕೆಜೋಳಕ್ಕೆ ಬೆಲೆಯಿದೆ, ಗಿರಾಕಿಯಿಲ್ಲ

ದೀಪಾವಳಿ ಕಳೆದ ಮೇಲೆ ದಾವಣಗೆರೆಯಿಂದ ಹಾವೇರಿ, ಗದಗಿನ ಕಡೆ ಹೊರಟರೆ ಗಾಡಿಗೆ ಸಿಗುವುದು ಅರ್ಧ ರಸ್ತೆ. ಉಳಿದರ್ಧ ಮೆಕ್ಕೆಜೋಳದ್ದು. ಸರ್ವಿಸ್ ರಸ್ತೆ, ಶಾಲೆಯ ಅಂಗಳ, ಗುಡಿ ಮುಂದಿನ ಬಯಲು, ಎಲ್ಲಿ ಗಟ್ಟಿ ನೆಲವಿದೆಯೋ ಅಲ್ಲೆಲ್ಲ ಹಳದಿ ಹಾಸು. ಅಂಚಿಗೆ ಸಾಲು ಕಲ್ಲು, ಪಕ್ಕದಲ್ಲಿ ಸುತ್ತಿಟ್ಟ ತಾಡಪಾಲು. ಸಂಜೆ ಮೋಡ ಕಂಡರೆ ಮನೆಮಂದಿಯೆಲ್ಲ ಓಡಿ ಬರಬೇಕು. ಕಾಳಿನ ತೇವಾಂಶ ಶೇ 14ಕ್ಕೆ ಇಳಿಯದಿದ್ದರೆ ಪೇಟೆಯಲ್ಲಿ ಕೇಳುವವರಿಲ್ಲ. ದಲಾಲಿ ಅಂಗಡಿಯವರು ಎರಡು ಕಾಳು ಬಾಯಿಗೆ ಹಾಕಿ ಕಟಕ್ ಅಂತ ಕಡಿದು 'ಇನ್ನೂ ಹಸಿ ಐತಿ' ಅಂದರೆ ಮುಗಿಯಿತು. ಯಂತ್ರ ಬಂದರೂ ಹಲ್ಲಿನ ಪರೀಕ್ಷೆ ಹೋಗಿಲ್ಲ.

2025ರ ನವೆಂಬರ್‌ನಲ್ಲಿ ಒಣಗಿದ ಕಾಳನ್ನೂ ಕೇಳುವವರಿರಲಿಲ್ಲ. ಕೇಂದ್ರ ಘೋಷಿಸಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಪೇಟೆಯಲ್ಲಿ ನಡೆಯುತ್ತಿದ್ದದ್ದು 1,600ರಿಂದ 1,800. ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಖರೀದಿ ಕೇಂದ್ರ ತೆರೆಯಿರೆಂದು ರೈತರು ಧರಣಿ ಕುಳಿತರು. ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಪತ್ರ ಬರೆದು ಕೇಂದ್ರವೇ ಕೊಳ್ಳಲಿ ಎಂದರು. ರಾಜ್ಯ ಸರ್ಕಾರ ಮೊದಲು ಖರೀದಿ ಕೇಂದ್ರ ತೆರೆಯಲಿ ಎಂದಿತು ಬಿಜೆಪಿ. ಇಬ್ಬರೂ ಹೇಳಿದ್ದು ಅರ್ಧರ್ಧ ನಿಜ. ಹಾಗಾಗಿಯೇ ಜಗಳ ಬೇಗ ಮುಗಿಯಲಿಲ್ಲ.

ಇದೇ ಹೊತ್ತಿಗೆ ತುಮಕೂರು, ಹಾಸನದ ಕಡೆ ರಾಗಿ ಕೊಯ್ಲು ಶುರುವಾಗಿತ್ತು. ಆ ಹಂಗಾಮಿಗೆ ರಾಗಿಯ ಬೆಂಬಲ ಬೆಲೆ 4,886. ಅಲ್ಲಿಯೂ ಸರದಿ ಇದೆ, ನೂಕುನುಗ್ಗಲಿದೆ, ಚೀಲದ ತಕರಾರಿದೆ. ಆದರೆ ಸರ್ಕಾರ ರಾಗಿ ಕೊಳ್ಳುತ್ತದೋ ಇಲ್ಲವೋ ಎಂಬ ಅನುಮಾನ ಮಾತ್ರ ಯಾರಿಗೂ ಇರಲಿಲ್ಲ. ಒಂದೇ ರಾಜ್ಯ, ಒಂದೇ ಬೆಲೆಪಟ್ಟಿ, ಅದೇ ಎರಡು ಪಕ್ಷಗಳು. ಒಬ್ಬ ರೈತನಿಗೆ ಪಟ್ಟಿಯ ಬೆಲೆ ಸಿಗುತ್ತದೆ, ಇನ್ನೊಬ್ಬನಿಗೆ ಸಿಗುವುದಿಲ್ಲ. ಪಕ್ಷಗಳ ಕೃಷಿ ನೀತಿ ಅನ್ನುವುದನ್ನು ಪ್ರಣಾಳಿಕೆಯಲ್ಲಿ ಹುಡುಕುವುದಕ್ಕಿಂತ ಈ ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕಿದರೆ ಹೆಚ್ಚು ತಿಳಿಯುತ್ತದೆ.

ಪಟ್ಟಿಯ ರಾಜಕೀಯ

ಕೇಂದ್ರ ಸರ್ಕಾರ 22 ಬೆಳೆಗಳಿಗೆ ಬೆಂಬಲ ಬೆಲೆ ಘೋಷಿಸುತ್ತದೆ. ಧಾನ್ಯಗಳು ಏಳು: ಭತ್ತ, ಗೋಧಿ, ಮೆಕ್ಕೆಜೋಳ, ಜೋಳ, ಸಜ್ಜೆ, ರಾಗಿ, ಬಾರ್ಲಿ. ಈ ಪಟ್ಟಿಯ ಸುತ್ತ ಇಪ್ಪತ್ತು ವರ್ಷಗಳಿಂದ ನಡೆದಿರುವುದು ಒಂದೇ ವಾದ. ಎಂ.ಎಸ್. ಸ್ವಾಮಿನಾಥನ್ ನೇತೃತ್ವದ ರಾಷ್ಟ್ರೀಯ ರೈತರ ಆಯೋಗ 2006ರಲ್ಲಿ ಕೊನೆಯ ವರದಿ ಕೊಟ್ಟಿತು. ಉತ್ಪಾದನಾ ವೆಚ್ಚದ ಮೇಲೆ ಕನಿಷ್ಠ ಶೇ 50 ಸೇರಿಸಿ ಬೆಂಬಲ ಬೆಲೆ ಕೊಡಿ ಎಂಬುದು ಅದರ ಶಿಫಾರಸು. ಆಗ ಅಧಿಕಾರದಲ್ಲಿದ್ದ, ಕಾಂಗ್ರೆಸ್ ನೇತೃತ್ವದ ಯುಪಿಎ ಅದನ್ನು ಒಪ್ಪಲಿಲ್ಲ, ಮಾರುಕಟ್ಟೆ ಹದಗೆಡುತ್ತದೆ ಎಂದು 2010ರಲ್ಲಿ ಸಂಸತ್ತಿಗೆ ಹೇಳಿತು. 2014ರ ಚುನಾವಣೆಗೆ ಬಿಜೆಪಿ ಅದೇ ಶೇ 50ರ ಭರವಸೆ ಕೊಟ್ಟಿತು. ಗೆದ್ದು, 2015ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಅದು ಆಗದ ಮಾತು ಎಂದಿತು. ಮತ್ತೆ 2018ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಒಂದೂವರೆ ಪಟ್ಟು ಕೊಟ್ಟೆವು ಎಂದು ಸಾರಿದರು. 2024ಕ್ಕೆ ಕಾಂಗ್ರೆಸ್ ಸರದಿ: ಸ್ವಾಮಿನಾಥನ್ ಸೂತ್ರದಂತೆ ಬೆಂಬಲ ಬೆಲೆಗೆ ಕಾನೂನಿನ ಖಾತರಿ ಕೊಡುತ್ತೇವೆ ಎಂದು ಪ್ರಣಾಳಿಕೆಯಲ್ಲಿ ಬರೆಯಿತು. ಅಧಿಕಾರದ ಕುರ್ಚಿಯಲ್ಲಿ ಕೂತವರಿಗೆ ಆಗದ್ದು, ಎದುರಿನ ಬೆಂಚಿಗೆ ಬಂದ ಕೂಡಲೇ ಆಗುತ್ತದೆ.

ಜೇಟ್ಲಿ ಸುಳ್ಳು ಹೇಳಲಿಲ್ಲ, ವೆಚ್ಚದ ಲೆಕ್ಕ ಬದಲಿಸಿದರು. ಬೀಜ, ಗೊಬ್ಬರ, ಕೂಲಿಯ ಖರ್ಚಿಗೆ ಮನೆಯವರ ದುಡಿಮೆ ಸೇರಿಸಿ ಅದರ ಒಂದೂವರೆ ಪಟ್ಟು ಎಂಬುದು ಸರ್ಕಾರದ ಲೆಕ್ಕ. ಸ್ವಂತ ಜಮೀನಿನ ಬಾಡಿಗೆ, ಹೂಡಿದ ಹಣದ ಬಡ್ಡಿಯನ್ನೂ ಸೇರಿಸಬೇಕೆಂಬುದು ರೈತ ಸಂಘಟನೆಗಳ ಲೆಕ್ಕ. 2023-24ರ ಭತ್ತವನ್ನೇ ನೋಡಿ. ಮೊದಲ ಲೆಕ್ಕದಲ್ಲಿ ವೆಚ್ಚ 1,455, ಅದರ ಒಂದೂವರೆ ಪಟ್ಟು 2,183. ಎರಡನೆಯದರಲ್ಲಿ ವೆಚ್ಚ 1,911, ಬೆಲೆ 2,866 ಆಗಬೇಕಿತ್ತು. ಕ್ವಿಂಟಲ್‌ಗೆ 683 ರೂಪಾಯಿ ಅಂತರ. ಟಿ.ವಿ. ಚರ್ಚೆಗಳೆಲ್ಲ ಈ 683ರ ಸುತ್ತ ನಡೆಯುತ್ತವೆ.

ಚರ್ಚೆ ಬೇಡವೆನ್ನುತ್ತಿಲ್ಲ. ಆದರೆ ಹಾನಗಲ್ಲಿನ ಮೆಕ್ಕೆಜೋಳದ ರೈತನಿಗೆ ಸಣ್ಣ ಲೆಕ್ಕದ ಬೆಲೆಯೂ ಸಿಗಲಿಲ್ಲ. ಆಹಾರ ನಿಗಮದ ಸುಧಾರಣೆಗೆಂದು ಕೇಂದ್ರ ನೇಮಿಸಿದ್ದ ಶಾಂತಕುಮಾರ್ ಸಮಿತಿ 2015ರಲ್ಲಿ ಕೊಟ್ಟ ವರದಿಯ ಪ್ರಕಾರ ಬೆಂಬಲ ಬೆಲೆಗೆ ಸರ್ಕಾರಿ ಸಂಸ್ಥೆಗೆ ಮಾರಿದ ರೈತರು ದೇಶದಲ್ಲಿ ಶೇ 6 ಮಾತ್ರ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಚೀಲ ತೂಕಕ್ಕೆ ಏರುವುದಿಲ್ಲ.

ರಾಗಿಗೆ ಇರುವುದು, ಮೆಕ್ಕೆಜೋಳಕ್ಕೆ ಇಲ್ಲದ್ದು

ಭತ್ತ, ಗೋಧಿ ಬಿಟ್ಟು ಉಳಿದ ಧಾನ್ಯಗಳಿಗೆ ಕೇಂದ್ರದ್ದೊಂದು ನಿಯಮವಿದೆ. ರಾಜ್ಯ ಸರ್ಕಾರ ಖರೀದಿ ಯೋಜನೆ ಕಳಿಸಬೇಕು, ಕೇಂದ್ರ ಒಪ್ಪಬೇಕು, ರಾಜ್ಯದ ಸಂಸ್ಥೆಗಳು ಕೊಳ್ಳಬೇಕು, ಕೊಂಡದ್ದನ್ನು ಗೊತ್ತಾದ ಅವಧಿಯೊಳಗೆ ಪಡಿತರದಲ್ಲಿ ಹಂಚಿ ಮುಗಿಸಬೇಕು. ಆಗ ಕೇಂದ್ರ ಖರ್ಚು ಭರಿಸುತ್ತದೆ. 2021ರ ಕೊನೆಯಲ್ಲಿ ಜೋಳ, ರಾಗಿಯ ಹಂಚಿಕೆ ಅವಧಿಯನ್ನು 6-7 ತಿಂಗಳಿಗೆ ಹಿಗ್ಗಿಸಿದರು. ಹಳೇ ಮೈಸೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಯ ಜತೆ ರಾಗಿ, ಉತ್ತರದ ಜಿಲ್ಲೆಗಳಲ್ಲಿ ಜೋಳ ಕೊಡುವುದರ ಹಿಂದೆ ಈ ನಿಯಮವಿದೆ. ತಿನ್ನುವ ಬಾಯಿ ಇದ್ದುದರಿಂದ ಕೊಳ್ಳುವ ಕೈ ಇದೆ.

ರಾಗಿಯ ವಿಷಯದಲ್ಲಿ ಎರಡೂ ಪಕ್ಷಗಳಿಗೆ ಸಲ್ಲಬೇಕಾದ್ದು ಸಲ್ಲಬೇಕು. 2017-18ರಲ್ಲಿ ಕ್ವಿಂಟಲ್‌ಗೆ 1,900 ಇದ್ದದ್ದು ಒಂದೇ ವರ್ಷದಲ್ಲಿ 2,897ಕ್ಕೆ ಹಾರಿತು, 2025-26ಕ್ಕೆ 4,886. ಇದೇ ಅವಧಿಯಲ್ಲಿ ಭತ್ತ ಏರಿದ್ದು 1,550ರಿಂದ 2,369ಕ್ಕೆ, ಮೆಕ್ಕೆಜೋಳ 1,425ರಿಂದ 2,400ಕ್ಕೆ. ಏರಿಸಿದ್ದು ಕೇಂದ್ರದ ಬಿಜೆಪಿ ಸರ್ಕಾರ. ಪಡಿತರಕ್ಕೆ ಸೇರಿಸಿ ದೊಡ್ಡ ಪ್ರಮಾಣದಲ್ಲಿ ಕೊಳ್ಳುವ ರೂಢಿ ಬೆಳೆಸಿದ್ದು ರಾಜ್ಯದ ಸರ್ಕಾರಗಳು. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವ ರಾಜ್ಯಕ್ಕೆ ಇದು ಸಣ್ಣ ಸಂಗತಿಯಲ್ಲ. ಗೊಬ್ಬರ ಕಡಿಮೆ ಬೇಡುವ, ನಾಲ್ಕು ಮಳೆ ತಪ್ಪಿದರೂ ಮನೆಗೆ ಹಿಟ್ಟು ಕೊಡುವ ಬೆಳೆಗೆ ಕಾಸೂ ಬರುತ್ತದೆಂದು ಗೊತ್ತಾದದ್ದು ಈ ಹತ್ತು ವರ್ಷದಲ್ಲಿ.

ಹಾಗೆಂದು ರಾಗಿ ಖರೀದಿ ಕೇಂದ್ರದ ಮುಂದೆ ಎಲ್ಲ ಸುಸೂತ್ರವೆಂದಲ್ಲ. 2021-22ರಲ್ಲಿ ಬಿಜೆಪಿಯ ಬೊಮ್ಮಾಯಿ ಸರ್ಕಾರ ಸಣ್ಣ ಮತ್ತು ಅತಿಸಣ್ಣ ರೈತರಿಂದ ಮಾತ್ರ, ತಲಾ 20 ಕ್ವಿಂಟಲ್ ಎಂಬ ಮಿತಿ ಹಾಕಿದಾಗ ನೋಂದಣಿಗೆ ಜನ ರಾತ್ರಿಯೇ ಸಾಲು ನಿಂತರು. ಕಾಂಗ್ರೆಸ್, ಜೆಡಿಎಸ್ ಬೀದಿಗಿಳಿದವು. ಇಂಥ ವರ್ಷ ಹೊರಗುಳಿದ ರಾಗಿ ಎಲ್ಲಿ ಹೋಗುತ್ತದೆಂದು ಊರಿನವರಿಗೆ ಗೊತ್ತು. ವ್ಯಾಪಾರಿ ಕಣದಲ್ಲೇ ಕಡಿಮೆಗೆ ಕೊಂಡು, ಮಿತಿ ತುಂಬದ ಇನ್ಯಾರದೋ ಪಹಣಿಯ ಮೇಲೆ ಅದನ್ನೇ ಖರೀದಿ ಕೇಂದ್ರಕ್ಕೆ ಹಾಕುತ್ತಾನೆ. ಪಟ್ಟಿಯ ಬೆಲೆ ಯಾರಿಗೋ ಸಿಕ್ಕೇ ಸಿಗುತ್ತದೆ.

ಮೆಕ್ಕೆಜೋಳಕ್ಕೆ ಬರೋಣ. ಅದನ್ನು ಪಡಿತರದಲ್ಲಿ ಕೊಟ್ಟರೆ ಕರ್ನಾಟಕದಲ್ಲಿ ಯಾರೂ ರೊಟ್ಟಿ ಬಡಿಯುವುದಿಲ್ಲ. ಅದರ ಗಿರಾಕಿಗಳು ಕೋಳಿ ಫಾರಂ, ಪಶು ಆಹಾರ ಘಟಕ, ಸ್ಟಾರ್ಚ್ ಕಾರ್ಖಾನೆ, ಈಚೆಗೆ ಎಥೆನಾಲ್ ಡಿಸ್ಟಿಲರಿ. ಹೀಗಾಗಿ ಕೇಂದ್ರದ ನಿಯಮ ಇಲ್ಲಿಗೆ ಕೂಡುವುದೇ ಇಲ್ಲ. ರಾಜ್ಯ ಕೊಂಡರೆ ಹಂಚಲಾರದು, ಹಂಚದಿದ್ದರೆ ಕೇಂದ್ರ ದುಡ್ಡು ಕೊಡುವುದಿಲ್ಲ. 'ಕೇಂದ್ರ ಕೊಳ್ಳಲಿ', 'ರಾಜ್ಯ ತೆರೆಯಲಿ' ಎಂಬ ಎರಡೂ ಮಾತು ಅರ್ಧ ನಿಜ ಎಂದದ್ದು ಇದಕ್ಕೇ.

ಡಿಸ್ಟಿಲರಿ ಬಾಗಿಲಲ್ಲಿ ಎದುರಾದ ಅಕ್ಕಿ

ಈ ಬೆಲೆ ಕುಸಿತ ಎಲ್ಲಿಂದ ಬಂತು? ಬೆಳೆ ಹೆಚ್ಚಾಯಿತು ಅನ್ನುವುದು ಮೇಲ್ನೋಟದ ಉತ್ತರ. ಏಕೆ ಹೆಚ್ಚಾಯಿತೆಂದರೆ ಅದರ ಹಿಂದಿನ ವರ್ಷ ಪೇಟೆ ಬೆಲೆ ಬೆಂಬಲ ಬೆಲೆಯನ್ನೂ ಮೀರಿತ್ತು. ಅದಕ್ಕೆ ಕಾರಣ ಎಥೆನಾಲ್. ಪೆಟ್ರೋಲ್‌ಗೆ ಶೇ 20 ಎಥೆನಾಲ್ ಬೆರೆಸುವ ಗುರಿ ಇಟ್ಟ ಕೇಂದ್ರ ಸರ್ಕಾರ, 2023ರ ಜುಲೈನಲ್ಲಿ ತನ್ನ ಆಹಾರ ನಿಗಮದ (ಎಫ್‌ಸಿಐ) ಅಕ್ಕಿಯನ್ನು ಡಿಸ್ಟಿಲರಿಗಳಿಗೆ ಕೊಡುವುದನ್ನು ನಿಲ್ಲಿಸಿತು. ಮೆಕ್ಕೆಜೋಳದ ಎಥೆನಾಲ್‌ಗೆ ಲೀಟರಿಗೆ 71.86 ರೂಪಾಯಿ ಗೊತ್ತುಮಾಡಿತು. ಡಿಸ್ಟಿಲರಿಗಳು ಮೆಕ್ಕೆಜೋಳಕ್ಕೆ ಮುಗಿಬಿದ್ದವು. ಮಾರನೇ ಹಂಗಾಮಿನಲ್ಲಿ ಶೇಂಗಾ, ಹತ್ತಿ, ಹೆಸರು ಬಿಟ್ಟು ಮೆಕ್ಕೆಜೋಳ ಊರಿದವರ ಮೇಲೆ ತಪ್ಪು ಹೊರಿಸುವುದು ಹೇಗೆ? ಪೇಟೆಯೇ ಬಿತ್ತು ಎಂದಿತ್ತು.

ಅಷ್ಟರಲ್ಲಿ ನಿಗಮದ ಗೋದಾಮುಗಳಲ್ಲಿ ಅಕ್ಕಿ ಉಕ್ಕಿತು. 2025ರ ಜನವರಿಯಲ್ಲಿ ಕೇಂದ್ರ ಅದೇ ಅಕ್ಕಿಯನ್ನು ಕ್ವಿಂಟಲ್‌ಗೆ 2,250ರಂತೆ ಡಿಸ್ಟಿಲರಿಗಳಿಗೆ ಬಿಟ್ಟಿತು. ಆ ವರ್ಷ ಎಥೆನಾಲ್‌ಗೆಂದು ಮಂಜೂರಾದ ಅಕ್ಕಿ 50 ಲಕ್ಷ ಟನ್ ದಾಟಿತು. ಡಿಸ್ಟಿಲರಿ ಮಾಲೀಕನ ಲೆಕ್ಕ ಸರಳ: ಅಕ್ಕಿಯಲ್ಲಿ ಪಿಷ್ಟ ಹೆಚ್ಚು, ತೇವದ ತಂಟೆಯಿಲ್ಲ, ಒಂದೇ ಗುಣಮಟ್ಟದ ಮಾಲು. 2,250ಕ್ಕೆ ಅಕ್ಕಿ ಸಿಗುವಾಗ 2,400 ಕೊಟ್ಟು ಮೆಕ್ಕೆಜೋಳ ಯಾಕೆ ಕೊಳ್ಳುತ್ತಾನೆ? ಕೇಂದ್ರ ಸರ್ಕಾರವೇ ಒಂದು ಕೈಯಲ್ಲಿ ಮೆಕ್ಕೆಜೋಳಕ್ಕೆ 2,400 ಎಂದು ಬರೆದು, ಇನ್ನೊಂದು ಕೈಯಲ್ಲಿ ಅದಕ್ಕಿಂತ ಅಗ್ಗದ ಪ್ರತಿಸ್ಪರ್ಧಿಯನ್ನು ಕಾರ್ಖಾನೆ ಗೇಟಿಗೆ ಇಳಿಸಿತು. ಮ್ಯಾನ್ಮಾರ್, ಉಕ್ರೇನ್‌ಗಳಿಂದ ಬಂದ ಮಾಲಿನ ಮಾತನ್ನೂ ಜನ ಆಡುತ್ತಾರೆ. ನನ್ನ ದೃಷ್ಟಿಯಲ್ಲಿ ಹೆಚ್ಚು ಪೆಟ್ಟು ಕೊಟ್ಟದ್ದು ಮನೆಯೊಳಗಿನ ಅಕ್ಕಿಯೇ.

ಈ ಅಕ್ಕಿಗೆ ಕರ್ನಾಟಕದ ಜತೆ ಹಳೆಯ ಲೆಕ್ಕವೊಂದಿದೆ. 2023ರಲ್ಲಿ ತಲಾ 10 ಕೆ.ಜಿ. ಅನ್ನಭಾಗ್ಯದ ಭರವಸೆಯ ಮೇಲೆ ಗೆದ್ದ ಕಾಂಗ್ರೆಸ್ಸಿಗೆ ತಿಂಗಳಿಗೆ 2.28 ಲಕ್ಷ ಟನ್ ಹೆಚ್ಚುವರಿ ಅಕ್ಕಿ ಬೇಕಿತ್ತು. ಕೆ.ಜಿ.ಗೆ 34 ರೂಪಾಯಿ ಕೊಟ್ಟು ಕೊಳ್ಳಲು ಸಿದ್ಧವಿತ್ತು. ಜೂನ್‌ನಲ್ಲಿ ಕೇಂದ್ರ ರಾಜ್ಯ ಸರ್ಕಾರಗಳಿಗೆ ಅಕ್ಕಿ ಮಾರುವುದನ್ನೇ ನಿಲ್ಲಿಸಿತು. ಛತ್ತೀಸ್‌ಗಢ, ಆಂಧ್ರ, ತೆಲಂಗಾಣ, ಪಂಜಾಬ್ ಎಂದು ಸುತ್ತಾಡಿದ ಸರ್ಕಾರ ಕೊನೆಗೆ ಅಕ್ಕಿಯ ಬದಲು ತಲಾ 170 ರೂಪಾಯಿ ಖಾತೆಗೆ ಹಾಕಿತು. ಒಂದೂವರೆ ವರ್ಷ ಕಳೆದ ಮೇಲೆ ಕೇಂದ್ರವೇ 22.50ಕ್ಕೆ ಒಯ್ಯಿರಿ ಎಂದಿತು.

ಇಲ್ಲಿ ಕಾಂಗ್ರೆಸ್ಸಿಗೂ ಒಂದು ಪ್ರಶ್ನೆ ಕೇಳಬೇಕು. ಆ 34 ರೂಪಾಯಿ ಯಾವ ರೈತನ ಮನೆಗೆ ಹೋಗುತ್ತಿತ್ತು? ಬಹುಪಾಲು ಹೊರರಾಜ್ಯದ ಭತ್ತದ ರೈತನಿಗೆ. ಕರ್ನಾಟಕದ ಅತಿ ದೊಡ್ಡ ಆಹಾರ ಯೋಜನೆಗೆ ಬಹುಪಾಲು ಅಕ್ಕಿ ಬರುವುದು ಹೊರಗಿನ ಭತ್ತದಿಂದ. ಗಂಗಾವತಿ, ಸಿಂಧನೂರಿನ ಸೋನಾ ಮಸೂರಿ ಪಡಿತರಕ್ಕೆ ಹೋಗುವುದಿಲ್ಲ, ಪೇಟೆಗೆ ಹೋಗುತ್ತದೆ. ಅನ್ನಭಾಗ್ಯ ಉಣ್ಣುವವರ ಯೋಜನೆಯಾಗಿ ಗೆದ್ದಿತು, ಹಸಿವಿನ ವಿಷಯದಲ್ಲಿ ಅದರ ಉಪಕಾರ ದೊಡ್ಡದು. ಬೆಳೆಯುವವರ ಯೋಜನೆಯಾಗಿ ಅದನ್ನು ಯಾರೂ ಯೋಚಿಸಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಮೇಲಿನ 5 ಕೆ.ಜಿ. ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ತೀರ್ಮಾನಿಸಿತು. ಬೇಳೆ ಸ್ಥಳೀಯವಾಗಿ ಕೊಂಡರೆ ಕಲಬುರಗಿಗೆ ಲಾಭ. ಅದೇ ಹೊತ್ತಿನಲ್ಲಿ ರಾಗಿ, ಜೋಳದ ಪಾಲು ಹಿಗ್ಗಿಸುವ ಮಾತು ಮಾತ್ರ ಕೇಳಲಿಲ್ಲ.

ಸೋನಾ ಮಸೂರಿಯವರ ಕಥೆ ಬೇರೆ. ಅವರಿಗೆ ಬೆಂಬಲ ಬೆಲೆಗಿಂತ ರಫ್ತು ಮುಖ್ಯ. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಂತಿತು, ಮತ್ತೆ ತೆರೆದದ್ದು 2024ರ ಸೆಪ್ಟೆಂಬರ್ ಕೊನೆಗೆ. ಅಮೆರಿಕದ ಅಂಗಡಿಗಳಲ್ಲಿ ನಮ್ಮವರು ಸೋನಾ ಮಸೂರಿ ಚೀಲಕ್ಕೆ ಮುಗಿಬಿದ್ದ ದೃಶ್ಯ ಎಲ್ಲರ ಮೊಬೈಲಿಗೂ ಬಂತು. ಆ ಹೆಚ್ಚಿದ ಬೆಲೆಯಲ್ಲಿ ತುಂಗಭದ್ರಾ ಅಚ್ಚುಕಟ್ಟಿನ ರೈತನಿಗೆ ಪಾಲಿರಲಿಲ್ಲ. ಯುಪಿಎ ಕೂಡ 2007-08ರಲ್ಲಿ ಇದೇ ನಿಷೇಧ ಹೇರಿ 2011ರವರೆಗೆ ಎಳೆದಿತ್ತು. ಪೇಟೆಯಲ್ಲಿ ಅಕ್ಕಿ ತುಟ್ಟಿಯಾದರೆ ಎಲ್ಲ ಪಕ್ಷಗಳೂ ಪಟ್ಟಣದವರ ಪಕ್ಷವೇ.

ಹರಾಜು ಕೂಗಿದ ರಾಜ್ಯಗಳು

ಛತ್ತೀಸ್‌ಗಢದಲ್ಲಿ ಚುನಾವಣೆ ಎಂದರೆ ಭತ್ತದ ಹರಾಜು. 2018ರಲ್ಲಿ ಕಾಂಗ್ರೆಸ್ ಕ್ವಿಂಟಲ್‌ಗೆ 2,500 ಎಂದು ಗೆದ್ದಿತು. 2023ರಲ್ಲಿ ಅದು 3,200 ಎಂದಿತು; ಬಿಜೆಪಿ 3,100 ಎಂದರೂ ಎಕರೆಗೆ 21 ಕ್ವಿಂಟಲ್ ಕೊಳ್ಳುತ್ತೇವೆ ಎಂದು ಸೇರಿಸಿ ಗೆದ್ದಿತು. 2024ರಲ್ಲಿ ಒಡಿಶಾದಲ್ಲೂ ಅದೇ 3,100. ಇದೇ ಪಕ್ಷದ ಕೇಂದ್ರ ಸರ್ಕಾರ 2014ರಲ್ಲಿ ಬಂದ ಹೊಸದರಲ್ಲಿ ರಾಜ್ಯಗಳಿಗೆ, ಬೆಂಬಲ ಬೆಲೆಯ ಮೇಲೆ ಬೋನಸ್ ಕೊಟ್ಟರೆ ಪಡಿತರಕ್ಕೆ ಬೇಕಾದಷ್ಟಕ್ಕಿಂತ ಹೆಚ್ಚು ಕೊಳ್ಳುವುದಿಲ್ಲ ಎಂದು ತಾಕೀತು ಮಾಡಿತ್ತು.

ಈ ಹರಾಜಿನಲ್ಲೊಂದು ಸೂಕ್ಷ್ಮವಿದೆ. 3,100 ಎಂಬುದು ಘೋಷಿಸಿದ ದಿನದ ಬೆಲೆ. ಆಗ ಬೆಂಬಲ ಬೆಲೆ 2,183, ರಾಜ್ಯದ ಪಾಲು 917. 2025-26ರಲ್ಲಿ ಬೆಂಬಲ ಬೆಲೆ 2,369 ಆಯಿತು, ಛತ್ತೀಸ್‌ಗಢದ ರೈತನ ಕೈಗೆ ಅದೇ 3,100, ರಾಜ್ಯದ ಪಾಲು 731ಕ್ಕೆ ಇಳಿಯಿತು. ಕೂಲಿ, ಡೀಸೆಲ್ ಏರುತ್ತಿರುವಾಗ ನಿಂತ ಬೆಲೆಯೆಂದರೆ ಇಳಿದ ಬೆಲೆ. ಆದರೂ ಮೆಕ್ಕೆಜೋಳ ಹಾಕಿದ ನಮ್ಮ ರೈತನಿಗಿಂತ ಅಲ್ಲಿಯವನು ಮೇಲು, ಏಕೆಂದರೆ ಅವನ ಚೀಲಕ್ಕೆ ಕೊಳ್ಳುವವರಿದ್ದಾರೆ.

ಕರ್ನಾಟಕದ ಪಕ್ಷಗಳು ಹಿಡಿದದ್ದು ಬೇರೆ ದಾರಿ: ಸಾಲ ಮನ್ನಾ ಮತ್ತು ಖಾತೆಗೆ ಹಣ. 2017ರಲ್ಲಿ ಸಿದ್ದರಾಮಯ್ಯ ಸಹಕಾರಿ ಸಾಲದಲ್ಲಿ ತಲಾ 50,000, 2018ರಲ್ಲಿ ಕುಮಾರಸ್ವಾಮಿ ಬೆಳೆಸಾಲದಲ್ಲಿ 2 ಲಕ್ಷದವರೆಗೆ ಮನ್ನಾ ಮಾಡಿದರು. 2019ರಲ್ಲಿ ಯಡಿಯೂರಪ್ಪ, ಪ್ರಧಾನಿಯ ಕಿಸಾನ್ ಸಮ್ಮಾನ್ 6,000ಕ್ಕೆ ರಾಜ್ಯದಿಂದ 4,000 ಸೇರಿಸಿದರು. 2023ರಲ್ಲಿ ಕಾಂಗ್ರೆಸ್ ಆ 4,000 ನಿಲ್ಲಿಸಿತು, ಬಿಜೆಪಿ ಇಂದಿಗೂ ಅದನ್ನು ಎತ್ತಿ ಆಡುತ್ತದೆ. ಆಡಲಿ. ಆದರೆ ಮೂರೆಕರೆ ಮೆಕ್ಕೆಜೋಳದ ಲೆಕ್ಕ ಹಾಕಿ ನೋಡಿ. ಒಳ್ಳೆ ಮಳೆಯಾದರೆ ಎಕರೆಗೆ 20 ಕ್ವಿಂಟಲ್, ಒಟ್ಟು 60. ಬೆಂಬಲ ಬೆಲೆಗೂ ಪೇಟೆಯ 1,700ಕ್ಕೂ ಕ್ವಿಂಟಲ್‌ಗೆ 700 ವ್ಯತ್ಯಾಸ. ಅಂದರೆ 42,000 ರೂಪಾಯಿ ಹೋಯಿತು. ಹತ್ತು ಸಾವಿರವೇ ಬರಲಿ, ಆರು ಸಾವಿರವೇ ಬರಲಿ, ಆ ಗುಂಡಿ ತುಂಬುವುದಿಲ್ಲ.

ಕೃಷಿ ಮಾರುಕಟ್ಟೆಯ ಎಪಿಎಂಸಿ ಕಾಯ್ದೆಯದ್ದೂ ಎಳೆದಾಟವೇ. 2020ರ ಮೇನಲ್ಲಿ ಬಿಜೆಪಿ ಸುಗ್ರೀವಾಜ್ಞೆ ತಂದು ಮಾರುಕಟ್ಟೆ ಆಚೆಯೂ ಕೊಳ್ಳಬಹುದು ಎಂದಿತು. 2021ರ ನವೆಂಬರ್‌ನಲ್ಲಿ ಕೇಂದ್ರ ತನ್ನ ಮೂರು ಕೃಷಿ ಕಾಯ್ದೆಗಳನ್ನು ವಾಪಸು ಪಡೆದ ಮೇಲೂ ಇಲ್ಲಿಯದು ಉಳಿಯಿತು. 2023ರ ಜುಲೈನಲ್ಲಿ ಕಾಂಗ್ರೆಸ್ ಅದನ್ನು ತೆಗೆಯುವ ಮಸೂದೆ ತಂದಾಗ ವಿಧಾನ ಪರಿಷತ್ತು ಪರಿಶೀಲನಾ ಸಮಿತಿಗೆ ತಳ್ಳಿತು. ಹೊಲಕ್ಕೇ ಬಂದು ಕೊಳ್ಳುವ ವ್ಯಾಪಾರಿ ಹಮಾಲಿ, ಸಾಗಣೆ ಉಳಿಸುತ್ತಾನೆ. ಅವನ ತೂಕದ ಯಂತ್ರ ಯಾರು ನೋಡಿದ್ದಾರೆ ಅನ್ನುವುದೂ ನಿಜ. ಆದರೆ ಪೇಟೆಯಲ್ಲೇ ಬೆಲೆ 1,700 ಇದ್ದಾಗ ಗೇಟಿನ ಒಳಗೆ ಮಾರಿದರೇನು, ಹೊರಗೆ ಮಾರಿದರೇನು?

ನವೆಂಬರ್ ಗಲಾಟೆಯ ನಂತರ ರಾಜ್ಯ ಸರ್ಕಾರ ಬೆಂಬಲ ಬೆಲೆಗೆ ಮೆಕ್ಕೆಜೋಳ ಕೊಳ್ಳಲು ಒಪ್ಪಿ, ಕೆಎಂಎಫ್‌ನ ಪಶು ಆಹಾರ ಘಟಕಗಳನ್ನು ಗಿರಾಕಿಯಾಗಿ ಮುಂದಿಟ್ಟಿತು. ಮೊದಲು ತಲಾ 20 ಕ್ವಿಂಟಲ್ ಎಂದದ್ದನ್ನು ಒತ್ತಾಯದ ಮೇಲೆ 50ಕ್ಕೆ ಏರಿಸಿತು. ಸರಿಯಾದ ದಿಕ್ಕು ಇದೇ ಎಂದು ನನಗನ್ನಿಸುತ್ತದೆ, ಏಕೆಂದರೆ ಕಾಳು ನಿಜಕ್ಕೂ ಬಳಕೆಯಾಗುವ ಜಾಗಕ್ಕೆ ಹೋಗುತ್ತದೆ. ತಡವಾದದ್ದೇ ತಕರಾರು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅಂದಂತೆ, ಆದೇಶ ಬರುವ ಹೊತ್ತಿಗೆ ಗೊಬ್ಬರದಂಗಡಿಯ ಉದ್ರಿ ತೀರಿಸಲು ಎಷ್ಟೋ ಜನ ರಾಶಿಯನ್ನು ಕಣದಲ್ಲೇ ಮಾರಿ ಮುಗಿಸಿದ್ದರು. ಮೆಕ್ಕೆಜೋಳದ ಕೊಯ್ಲು ಯಾವ ತಿಂಗಳೆಂದು ಕೃಷಿ ಇಲಾಖೆಗೆ ಬಿತ್ತಿದ ದಿನವೇ ಗೊತ್ತಿರುತ್ತದೆ.

ಇನ್ನೊಬ್ಬ ರೈತನಿದ್ದಾನೆ, ಇವನ ಬಗ್ಗೆ ಯಾವ ಪಕ್ಷವೂ ಬಾಯಿ ಬಿಡುವುದಿಲ್ಲ. ಲಾವಣಿಗೋ ಕೋರಿಗೋ, ಅಂದರೆ ಗುತ್ತಿಗೆಗೋ ಪಾಲಿಗೋ, ಇನ್ನೊಬ್ಬರ ಹೊಲ ಮಾಡುವವನು. 1974ರ ಭೂಸುಧಾರಣೆಯ ನಂತರ ಕರ್ನಾಟಕದಲ್ಲಿ ಗೇಣಿಗೆ ಅವಕಾಶವೇ ಇಲ್ಲದಷ್ಟು ಕಟ್ಟುನಿಟ್ಟು, ಹಾಗಾಗಿ ಇವನ ಒಪ್ಪಂದವೆಲ್ಲ ಬಾಯಿಮಾತಿನದು. ಕಾಗದದ ಮೇಲೆ ಇವನು ರೈತನೇ ಅಲ್ಲ. ಖರೀದಿ ಕೇಂದ್ರದಲ್ಲಿ ಕೇಳುವ, ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆ ಜಮೀನಿನ ಯಜಮಾನನದು, ಬ್ಯಾಂಕ್ ಖಾತೆಯೂ ಅವನದೇ. ಬಿತ್ತಿ, ಕಳೆ ತೆಗೆದು, ರಾತ್ರಿಯೆಲ್ಲ ಕಾಡುಹಂದಿ ಕಾದವನು ಚೀಲ ಹೇರಿಕೊಂಡು ಕೇಂದ್ರಕ್ಕೆ ಬಂದರೆ, ಹೆಬ್ಬೆಟ್ಟು ಒತ್ತಲು ಬೆಂಗಳೂರಿನಲ್ಲಿರುವ ಯಜಮಾನ ಬರುವ ಭಾನುವಾರದವರೆಗೆ ಕಾಯಬೇಕು. ಹಣ ಬಿದ್ದ ಮೇಲೆ ಅವನಿಗೆ ಫೋನು ಹಚ್ಚಬೇಕು.